ಹಾಲು, ಬಡ್ಡಿ, ಬೋರ್‌ವೆಲ್: ಈ ಲಾಗ್ ಲೆಕ್ಕ ನಮ್ಮ ಕಡೆ ಎಲ್ಲಿ ಕೆಲಸಕ್ಕೆ ಬರುತ್ತದೆ?

ಡೈರಿ ಲೆಕ್ಕ (ಮಾಲೂರು ತಾಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಾಲೂರು ತಾಲೂಕಿನ ಒಂದು ಹಳ್ಳಿಯಲ್ಲಿ ಹಾಲಿನ ಡೈರಿ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಹಾಲು ಅಳೆಯುವುದು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ನೋಡುವುದು, ಬಟವಾಡೆ ದಿನ ದುಡ್ಡು ಹಂಚುವುದು. ಕೂಡಿಸು, ಕಳೆ, ಗುಣಿಸು, ಭಾಗಿಸು. ನನ್ನ ಗಣಿತ ಇಷ್ಟರಲ್ಲೇ ಮುಗಿಯುತ್ತದೆ.

ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಕೆಮಿಸ್ಟ್ರಿಯಲ್ಲಿ 2.303 ಅಂತ ಒಂದು ಸಂಖ್ಯೆ ಹಿಡಿದುಕೊಂಡು ಪುಟಗಟ್ಟಲೆ ಲಾಗ್ ಹಾಕುತ್ತಾಳೆ. ಮಾರ್ಕ್ಸ್ ಚೆನ್ನಾಗಿಯೇ ಬರುತ್ತಿದೆ. ಆದರೆ ಮೊನ್ನೆ ಅವಳೇ ಕೇಳಿದಳು: "ಅಪ್ಪಾ, ಇದು ಪರೀಕ್ಷೆ ಬಿಟ್ಟು ಬೇರೆ ಎಲ್ಲಿಗೆ ಬೇಕು?" ಅವಳ ಪುಸ್ತಕದ ಉದಾಹರಣೆಗಳೆಲ್ಲ ಯಾವುದೋ ದೇಶದ ಜನಸಂಖ್ಯೆ, ಯಾವುದೋ ಗಾಜಿನ ತಟ್ಟೆಯ ಬ್ಯಾಕ್ಟೀರಿಯಾ. ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ನನ್ನ ಹತ್ತಿರ ಎರಡು ನಿಜವಾದ ಸಮಸ್ಯೆ ಇವೆ. ಅವಕ್ಕೆ ಈ ಲಾಗ್ ಏನಾದರೂ ಮಾಡುತ್ತದಾ ನೋಡಿ ಹೇಳಿ.

ಒಂದು, ಹಾಲು. ನಮ್ಮ ಡೈರಿಯಲ್ಲಿ ಬಿಎಂಸಿ (ಹಾಲು ತಣ್ಣಗಿಡುವ ದೊಡ್ಡ ಕೂಲರ್ ಟ್ಯಾಂಕ್) ಇಲ್ಲ. ಕ್ಯಾನುಗಳನ್ನು ಗಾಡಿ ಬಂದು ಪಕ್ಕದ ಊರಿನ ಬಿಎಂಸಿಗೆ ಒಯ್ಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗಾಡಿ ಒಂದು ಗಂಟೆ ತಡವಾದರೂ ಎದೆ ಢವಢವ. ಕ್ಯಾನು ವಾಪಸ್ ಬಂದರೆ ನಷ್ಟ ಸಂಘದ ತಲೆಗೆ. ಈಗ ಕಮಿಟಿಯಲ್ಲಿ ಜಗಳ ನಡೆದಿದೆ. ಅರ್ಧ ಜನ ಹೇಳುತ್ತಾರೆ, ಕ್ಯಾನು ತೊಳೆಯಲು ಬಿಸಿನೀರಿನ ಸೋಲಾರ್ ಹಾಕಿಸೋಣ, ಕೊಳಕು ಹೋದರೆ ಎಲ್ಲ ಸರಿಯಾಗುತ್ತದೆ. ಇನ್ನರ್ಧ ಜನ, ಕ್ಯಾನು ತಣ್ಣಗಿಡುವ ವ್ಯವಸ್ಥೆ ಮೊದಲು ಅನ್ನುತ್ತಾರೆ. ಇರುವ ದುಡ್ಡು ಒಂದಕ್ಕೇ ಸಾಕು.

ಎರಡು, ಬಡ್ಡಿ. ನನ್ನ ಚಿಕ್ಕಪ್ಪನ ಮಗ ಬೋರ್ ಕೊರೆಸಲು ಒಬ್ಬರ ಹತ್ತಿರ 1 ಲಕ್ಷ ತಂದ. ಮೂರು ರೂಪಾಯಿ ಬಡ್ಡಿ. ಅಂದರೆ ನೂರಕ್ಕೆ ತಿಂಗಳಿಗೆ 3. ತಿಂಗಳು ತಿಂಗಳೂ 3,000 ತಪ್ಪದೆ ಕಟ್ಟುತ್ತಿದ್ದಾನೆ. ಅಸಲು ಇದ್ದಲ್ಲೇ ಇದೆ. ಈಗ ಸ್ವಲ್ಪ ಜಾಸ್ತಿ ಕಟ್ಟುತ್ತೇನೆ, ಕಟ್ಟಿದ ಹೆಚ್ಚಿನ ದುಡ್ಡು ಅಸಲಿಗೆ ಹಾಕಿಕೊಳ್ಳಿ ಅಂತ ಮಾತಾಡಿಕೊಂಡಿದ್ದಾನೆ. ಎಷ್ಟು ಕಟ್ಟಿದರೆ ಎಷ್ಟು ತಿಂಗಳಿಗೆ ಮುಗಿಯುತ್ತದೆ ಅಂತ ನನ್ನನ್ನು ಕೇಳಿದ. ನಾನು ಪುಸ್ತಕದಲ್ಲಿ ತಿಂಗಳು ತಿಂಗಳು ಬರೆಯುತ್ತಾ ಕೂತೆ. ಮುಗಿಯುವ ಹಾಗೆ ಕಾಣಲಿಲ್ಲ.

ಸುಮ್ನೆ "ಬ್ಯಾಂಕಲ್ಲಿ ಬರುತ್ತೆ, ಸೈನ್ಸಲ್ಲಿ ಬರುತ್ತೆ" ಅನ್ನಬೇಡಿ. ಲೆಕ್ಕ ಮಾಡಿ ತೋರಿಸಿ. ಮಗಳೂ ಓದುತ್ತಿದ್ದಾಳೆ.

---

ಪಿಯು ಮೇಷ್ಟ್ರು (ಚಿಂತಾಮಣಿ):

ಸರ್, ನಿಮ್ಮ ಎರಡೂ ಪ್ರಶ್ನೆಗಳಲ್ಲಿ ಕೇಳಿರುವುದು ಒಂದೇ: "ಯಾವಾಗ?" ಹಾಲು ಯಾವಾಗ ಕೆಡುತ್ತದೆ, ಸಾಲ ಯಾವಾಗ ತೀರುತ್ತದೆ. ಗುಣಾಕಾರದಲ್ಲಿ ಬೆಳೆಯುವ ವಸ್ತುವಿಗೆ ಈ ಪ್ರಶ್ನೆ ಕೇಳಿದರೆ, ಗೊತ್ತಿಲ್ಲದ ಸಂಖ್ಯೆ ಘಾತದ ಜಾಗದಲ್ಲಿ, ಮೇಲೆ ಹೋಗಿ ಕೂರುತ್ತದೆ. ಅದನ್ನು ಕೆಳಗಿಳಿಸುವ ಏಣಿಯೇ ಲಾಗ್. ಒಂದು ಸಂಖ್ಯೆ ಬರಲು 10ರ ಮೇಲೆ ಎಷ್ಟು ಘಾತ ಬೇಕೋ ಅದೇ ಆ ಸಂಖ್ಯೆಯ ಲಾಗ್; ಲಾಗ್ 100 ಅಂದರೆ 2.

ಮೊದಲು ಸಾಲ. ನಿಮ್ಮ ತಮ್ಮ 4,000 ಕಟ್ಟುತ್ತಾನೆ ಅಂದುಕೊಳ್ಳಿ. ಮೊದಲ ತಿಂಗಳು 3,000 ಬಡ್ಡಿಗೆ ಹೋಯಿತು, 1,000 ಅಸಲಿಗೆ ಹೋಯಿತು. ಈಗ ಅಸಲು 1,000 ಕಡಿಮೆ. ಹಾಗಾಗಿ ಮುಂದಿನ ತಿಂಗಳ ಬಡ್ಡಿ 30 ರೂಪಾಯಿ ಕಡಿಮೆ. ಅಂದರೆ ಅಸಲಿಗೆ 1,030 ಹೋಗುತ್ತದೆ. ಅದರ ಮುಂದಿನ ತಿಂಗಳು 1,060 ರೂಪಾಯಿ 90 ಪೈಸೆ. ಗಮನಿಸಿ, ಅಸಲಿಗೆ ಹೋಗುವ ಪಾಲು ತಾನೇ ತಿಂಗಳಿಗೆ 1.03 ಪಟ್ಟು ಬೆಳೆಯುತ್ತಿದೆ. ಯಾವ ಬಡ್ಡಿ ನಿಮ್ಮನ್ನು ತಿನ್ನುತ್ತಿತ್ತೋ ಅದೇ ದರದಲ್ಲಿ. ಆ ಪಾಲು ಪೂರ್ತಿ 4,000 ಮುಟ್ಟಿದರೆ ಬಡ್ಡಿಗೆ ಏನೂ ಉಳಿದಿಲ್ಲ ಅಂತ ಅರ್ಥ, ಸಾಲ ತೀರಿತು. ಹಾಗಾದರೆ ಸಮೀಕರಣ ಇಷ್ಟೇ: 1,000ಕ್ಕೆ 1.03 ಅನ್ನು ಎಷ್ಟು ಸಲ ಗುಣಿಸಿದರೆ 4,000 ಆಗುತ್ತದೆ?

ತಿಂಗಳು = ಲಾಗ್ 4 ÷ ಲಾಗ್ 1.03 = 0.6021 ÷ 0.01284 = ಸುಮಾರು 47.

ಸೂತ್ರ ಬೇಕಾದರೆ ಹೀಗೆ ಬರೆದುಕೊಳ್ಳಿ. ಕಂತನ್ನು, ಕಂತಿನಲ್ಲಿ ಬಡ್ಡಿ ಕಳೆದು ಉಳಿದದ್ದರಿಂದ ಭಾಗಿಸಿ. ಬಂದದ್ದರ ಲಾಗ್ ತೆಗೆದು, ಲಾಗ್ 1.03ರಿಂದ ಭಾಗಿಸಿ. ಬೇರೆ ಬೇರೆ ಕಂತಿಗೆ ಹಾಕಿ ನೋಡಿದೆ:

3,100 ಕಟ್ಟಿದರೆ ಸುಮಾರು 116 ತಿಂಗಳು, ಒಟ್ಟು 3.6 ಲಕ್ಷ.
3,500 ಕಟ್ಟಿದರೆ 66 ತಿಂಗಳು, ಒಟ್ಟು 2.3 ಲಕ್ಷ.
4,000 ಕಟ್ಟಿದರೆ 47 ತಿಂಗಳು, ಒಟ್ಟು 1.88 ಲಕ್ಷ.
5,000 ಕಟ್ಟಿದರೆ 31 ತಿಂಗಳು, ಒಟ್ಟು 1.55 ಲಕ್ಷ.

ಈಗ 3,000 ಹಾಕಿ. ಕೆಳಗೆ ಸೊನ್ನೆ ಬರುತ್ತದೆ, ಭಾಗಿಸಲು ಆಗುವುದಿಲ್ಲ. ತಲೆಕೆಳಗು ಮಾಡಿದರೆ ಲಾಗ್ 0 ಬರುತ್ತದೆ. "ಸೊನ್ನೆಗೆ ಲಾಗ್ ಇಲ್ಲ" ಅಂತ ನಾವು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಸುತ್ತೇವೆ. ಮಕ್ಕಳು ಉರು ಹೊಡೆಯುತ್ತಾರೆ. ನಿಮ್ಮ ತಮ್ಮನ ಸಾಲದಲ್ಲಿ ಆ ನಿಯಮಕ್ಕೆ ಅರ್ಥ ಒಂದೇ: ಇದು ಎಂದಿಗೂ ತೀರುವುದಿಲ್ಲ. 3,000ಕ್ಕೂ 3,100ಕ್ಕೂ ವ್ಯತ್ಯಾಸ ಬರೀ ನೂರು ರೂಪಾಯಿ. ಆದರೆ ಒಂದು ಕಡೆ ಕೊನೆಯೇ ಇಲ್ಲ, ಇನ್ನೊಂದು ಕಡೆ ಹತ್ತು ವರ್ಷದೊಳಗೆ ಕೊನೆ ಇದೆ. ನನ್ನನ್ನು ಕೇಳಿದರೆ, ಸಹಕಾರ ಸಂಘದಲ್ಲೋ ಬ್ಯಾಂಕಿನಲ್ಲೋ ಸಾಲ ಎತ್ತಿ ಇದನ್ನು ಒಂದೇ ಏಟಿಗೆ ತೀರಿಸುವುದು ವಾಸಿ. ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿಯಾದರೆ ಅದೇ 4,000ಕ್ಕೆ ಎಷ್ಟು ತಿಂಗಳು ಅಂತ ಮಗಳ ಕೈಲಿ ಲೆಕ್ಕ ಮಾಡಿಸಿ. 29 ಬರಬೇಕು.

ಒಳ್ಳೆ ಸುದ್ದಿಯ ಕಡೆಗೂ ಇದೇ ಲೆಕ್ಕ ಇದೆ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರದಲ್ಲಿ 2023ರ ಏಪ್ರಿಲ್‌ನಿಂದ 7.5% ಚಕ್ರಬಡ್ಡಿ ಇಟ್ಟರು. ದುಡ್ಡು 115 ತಿಂಗಳಿಗೆ ಎರಡರಷ್ಟು ಅಂತ ಹೇಳಿದರು. ಈ 115 ಎಲ್ಲಿಂದ ಬಂತು? ಲಾಗ್ 2 ÷ ಲಾಗ್ 1.075 = 9.58 ವರ್ಷ. 12ರಿಂದ ಗುಣಿಸಿ, ಸರಿಯಾಗಿ 115.

ಇನ್ನು ಹಾಲು. ಇಲ್ಲಿ ಅಂಕಿಗಳನ್ನು ನಾನು ಊಹಿಸಿಕೊಳ್ಳುತ್ತೇನೆ, ನಿಮ್ಮ ಜಾಗಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಕ್ಯಾನು ಸುಮಾರಾಗಿ ತೊಳೆದಿದೆ, ಒಂದು ಮಿಲಿ ಹಾಲಲ್ಲಿ 50,000 ಬ್ಯಾಕ್ಟೀರಿಯಾ ಇವೆ ಅನ್ನಿ. 10 ಲಕ್ಷ ದಾಟಿದರೆ ಅಪಾಯ ಅನ್ನಿ. ಬೇಸಿಗೆಯ ಬಿಸಿಗೆ ಅರ್ಧ ಗಂಟೆಗೊಮ್ಮೆ ಎರಡರಷ್ಟಾಗುತ್ತವೆ ಅನ್ನಿ. 50,000ದಿಂದ 10 ಲಕ್ಷ ಅಂದರೆ 20 ಪಟ್ಟು. ಲಾಗ್ 20 ÷ ಲಾಗ್ 2 = 4.32 ಸಲ ಇಮ್ಮಡಿ. ಅಂದರೆ 2 ಗಂಟೆ 10 ನಿಮಿಷ.

ಈಗ ಬಿಸಿನೀರಿನವರ ಪಕ್ಷ. ಚೆನ್ನಾಗಿ ತೊಳೆದು ಬ್ಯಾಕ್ಟೀರಿಯಾವನ್ನು ಹತ್ತರಲ್ಲಿ ಒಂದು ಪಾಲಿಗೆ, 5,000ಕ್ಕೆ ಇಳಿಸಿದಿರಿ. ಸಿಗುವ ಸಮಯ ಹತ್ತು ಪಟ್ಟು ಆಗುತ್ತದಾ? ಇಲ್ಲ. 200 ಪಟ್ಟಿಗೆ 7.64 ಇಮ್ಮಡಿ. ಅಂದರೆ 3 ಗಂಟೆ 50 ನಿಮಿಷ. ಹತ್ತು ಪಟ್ಟು ಶುಚಿಗೆ ಸಿಕ್ಕಿದ್ದು 1 ಗಂಟೆ 40 ನಿಮಿಷ.

ತಣ್ಣಗಿಡುವವರ ಪಕ್ಷ. ಕ್ಯಾನು ಮೊದಲಿನಷ್ಟೇ ಕೊಳಕು. ಆದರೆ ಹಾಲು ತಣ್ಣಗಾಗಿ, ಎರಡರಷ್ಟಾಗಲು ಅರ್ಧ ಗಂಟೆಯ ಬದಲು 3 ಗಂಟೆ ಬೇಕಾಯಿತು ಅನ್ನಿ. 4.32 × 3 = ಸುಮಾರು 13 ಗಂಟೆ.

ಶುಚಿ ಲಾಗ್‌ನ ಒಳಗೆ ಕೂತಿದೆ, ಅದರಿಂದ ಸಮಯ ಕೂಡುತ್ತದೆ. ತಂಪು ಲಾಗ್‌ನ ಹೊರಗಿದೆ, ಅದರಿಂದ ಸಮಯ ಗುಣವಾಗುತ್ತದೆ. ಕಮಿಟಿ ಮೀಟಿಂಗಿನಲ್ಲಿ ಇಷ್ಟು ಹೇಳಿ. ಹಾಗಂತ ತೊಳೆಯುವುದನ್ನು ಬಿಡಬೇಡಿ. ಸಾಧಾರಣ ತಂಪಿಗೆ ಬಗ್ಗದೆ ಬೆಳೆಯುವ ಬ್ಯಾಕ್ಟೀರಿಯಾಗಳೂ ಇವೆ. ರೋಗ ತರುವ ಬ್ಯಾಕ್ಟೀರಿಯಾಗಳು ಸಂಖ್ಯೆಯಲ್ಲಿ ಕಡಿಮೆ ಇದ್ದರೂ ಕೆಡುಕೇ.

ಆ 2.303 ಬಗ್ಗೆ: ಅದು ಬೇರೇನೂ ಅಲ್ಲ, ನ್ಯಾಚುರಲ್ ಲಾಗ್ 10. 10ರ ಲಾಗ್‌ನಿಂದ ನ್ಯಾಚುರಲ್ ಲಾಗ್‌ಗೆ (10ರ ಬದಲು e, ಅಂದರೆ ಸುಮಾರು 2.718 ಇರುವ ಲಾಗ್) ಹೋಗುವ ವಿನಿಮಯ ದರ.

---

ಸೊಪ್ಪು ಗೂಡು (ಶಿಡ್ಲಘಟ್ಟ):

ಡೈರಿ ಅಣ್ಣಾ, ಮಗಳಿಗೆ ನಮ್ಮ ಮನೆಗೆ ಬರಲು ಹೇಳಿ. ಹುಳುಮನೆ ತೋರಿಸುತ್ತೇನೆ. ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ರೇಷ್ಮೆ ಹುಳ ಮೊಟ್ಟೆಯಿಂದ ಹೊರಬಂದಾಗ ಎಷ್ಟಿರುತ್ತದೋ, ಹಣ್ಣಾಗುವ (ಗೂಡು ಕಟ್ಟಲು ಸಿದ್ಧವಾಗುವ) ಹೊತ್ತಿಗೆ ತೂಕದಲ್ಲಿ ಸುಮಾರು 10,000 ಪಟ್ಟು ಆಗಿರುತ್ತದೆ. ಅದೂ ಸುಮಾರು 25 ದಿನದಲ್ಲಿ. ನಾನು ಬಿಎಸ್‌ಸಿ ಮಾಡಿ ಮದುವೆಯಾಗಿ ಬಂದವಳು, ಲಾಗ್ ಟೇಬಲ್ ಇನ್ನೂ ಅಟ್ಟದ ಮೇಲಿದೆ. ಲಾಗ್ 10,000 ಅಂದರೆ 4. ಅದನ್ನು 0.301ರಿಂದ ಭಾಗಿಸಿದರೆ 13.3. ಅಂದರೆ ಹುಳ ಹದಿಮೂರು ಸಲ ಇಮ್ಮಡಿಯಾಗುತ್ತದೆ, ಸರಾಸರಿ ಎರಡು ದಿನಕ್ಕೊಮ್ಮೆ.

ಸರಾಸರಿ ಅಂದೆ, ನೆನಪಿರಲಿ. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ, ಪೊರೆ ಬಿಡುತ್ತದೆ, ತೂಕ ಏರುವುದಿಲ್ಲ. ಗ್ರಾಫ್ ಹಾಕಿದರೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಪುಸ್ತಕದ ಹಾಗೆ ನುಣ್ಣಗೆ ಬರುವುದಿಲ್ಲ.

ನಮಗೆ ಬೇಕಾದ ಲೆಕ್ಕ ತೂಕದ್ದಲ್ಲ, ಸೊಪ್ಪಿನದು. ಪ್ರತಿ ಇಮ್ಮಡಿಗೂ ಹುಳ ಅಲ್ಲಿಯವರೆಗೆ ಬೆಳೆದಷ್ಟೇ ಮತ್ತೆ ಬೆಳೆಯುತ್ತದೆ. ಹಾಗಾಗಿ ಕೊನೆಯ ಒಂದು ಇಮ್ಮಡಿಗೆ ಒಟ್ಟು ಬೆಳವಣಿಗೆಯ ಅರ್ಧ. ಕೊನೆಯ ಮೂರು ಇಮ್ಮಡಿಗೆ ಎಂಟರಲ್ಲಿ ಏಳು ಪಾಲು. ಅಂದರೆ 87.5%. ಈಗ ಟ್ರೇನಿಂಗಿನಲ್ಲಿ ಹೇಳುವುದನ್ನು ನೋಡಿ: ಬೆಳೆಯ ಒಟ್ಟು ಸೊಪ್ಪಿನಲ್ಲಿ 80ರಿಂದ 85% ನಾಲ್ಕನೇ ಜ್ವರ ಎದ್ದ ಮೇಲೆ ಬೇಕು. ಅಂದರೆ ಕೊನೆ ವಾರ, ಎರಡು ದಿನಕ್ಕೊಮ್ಮೆಯಂತೆ ಸುಮಾರು ಮೂರು ಇಮ್ಮಡಿ. ಎಷ್ಟು ಹತ್ತಿರ ಬಂತು ಅಲ್ವಾ?

ಹೊಸದಾಗಿ ಹುಳ ಕಟ್ಟುವವರು ಎಡವುವುದು ಇಲ್ಲೇ. ಚಾಕಿ ಹುಳ (ಎಳೆ ಹುಳ) ತಂದ ಮೊದಲ ವಾರ ತೋಟ ನೋಡಿ, "ಸೊಪ್ಪು ಬೇಕಾದಷ್ಟಿದೆ, ಇನ್ನೂ ಐವತ್ತು ಮೊಟ್ಟೆ ಜಾಸ್ತಿ ಕಟ್ಟಬಹುದಿತ್ತು" ಅನ್ನುತ್ತಾರೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೇ ನಾವು ಒಂದು ಮೊಟ್ಟೆ ಅನ್ನುವುದು). ಕೊನೆ ವಾರ ರಾತ್ರಿ ಹೊತ್ತು ಟೆಂಪೋ ಮಾಡಿಕೊಂಡು ದೇವನಹಳ್ಳಿ ಪಕ್ಕದ ವಿಜಯಪುರದ ಕಡೆ ಸೊಪ್ಪು ಹುಡುಕುತ್ತಾರೆ. ನಮ್ಮತ್ತೆಗೆ ಲಾಗ್ ಗೊತ್ತಿಲ್ಲ. ಆದರೆ ಮೂರನೇ ಜ್ವರದಲ್ಲಿ ಹುಳ ನೋಡಿ "ಈ ಸೊಪ್ಪು ಸಾಲಲ್ಲ" ಅಂತ ಹೇಳಿಬಿಡುತ್ತಾರೆ. ಅವರು ಹೇಳಿದ್ದು ತಪ್ಪಿದ್ದು ನಾನು ನೋಡಿಲ್ಲ.

---

ಸುಮ್ಮನೆ ಓದುಗ (ತುಮಕೂರು):

ಅತ್ತೆಗೆ ಲಾಗ್ ಇಲ್ಲದೆ ಗೊತ್ತಾಗುತ್ತದೆ ಅಂದಮೇಲೆ ಲಾಗ್ ಯಾಕೆ ಮೇಡಂ? 😀

ಸೊಪ್ಪು ಗೂಡು (ಶಿಡ್ಲಘಟ್ಟ):

ಅತ್ತೆ ನಲವತ್ತು ವರ್ಷ ಹುಳ ಸಾಕಿದ ಮೇಲೆ ಗೊತ್ತಾಗಿದ್ದು. ನನಗೆ ಅಷ್ಟು ಟೈಮ್ ಇಲ್ಲ.

---

ಬೋರ್ ಪಾಯಿಂಟ್ (ಮುಳಬಾಗಿಲು):

ಮೇಷ್ಟ್ರು 2.303 ಬಗ್ಗೆ ಹೇಳಿದ್ದು ನೋಡಿ ಬರೆಯೋಣ ಅನ್ನಿಸಿತು. ಅದೇ ಸಂಖ್ಯೆ ನಮ್ಮ ಕೆಲಸದಲ್ಲೂ ಇದೆ. ನಾನು ಜಿಯಾಲಜಿ ಓದಿ ಅಂತರ್ಜಲದ ಕೆಲಸ ಮಾಡುತ್ತೇನೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ಮಾಡುವವನಲ್ಲ, ಮೊದಲೇ ಹೇಳಿಬಿಡುತ್ತೇನೆ.

ಬೋರ್‌ನಿಂದ ಒಂದೇ ಸಮ ನೀರೆತ್ತುತ್ತಾ ಹೋದರೆ ಒಳಗಿನ ನೀರಿನ ಮಟ್ಟ ಹೇಗಿಳಿಯುತ್ತದೆ? ಇದನ್ನು 1935ರಲ್ಲಿ ಥೈಸ್ ಎಂಬ ಅಮೆರಿಕದ ವಿಜ್ಞಾನಿ ಸಮೀಕರಣಕ್ಕೆ ತಂದರು. 1946ರಲ್ಲಿ ಕೂಪರ್ ಮತ್ತು ಜೇಕಬ್ ಅದನ್ನು ಸರಳ ಮಾಡಿದರು. ಸ್ವಲ್ಪ ಹೊತ್ತು ಕಳೆದ ಮೇಲೆ ಇಳಿತವು ಸಮಯದ ಲಾಗ್‌ಗೆ ತಕ್ಕಂತೆ ಇರುತ್ತದೆ ಅಂತ ತೋರಿಸಿದರು. ಅಂದರೆ 10ನೇ ನಿಮಿಷದಿಂದ 100ನೇ ನಿಮಿಷದವರೆಗೆ ಎಷ್ಟು ಇಳಿಯುತ್ತದೋ, 100ರಿಂದ 1,000ನೇ ನಿಮಿಷಕ್ಕೂ ಅಷ್ಟೇ ಇಳಿಯುತ್ತದೆ.

ಒಂದು ಉದಾಹರಣೆ ಕಟ್ಟುತ್ತೇನೆ. ಸೆಕೆಂಡಿಗೆ 2 ಲೀಟರ್ ಎತ್ತುತ್ತಿದ್ದೀರಿ. 10ನೇ ನಿಮಿಷಕ್ಕೆ ಮಟ್ಟ 6 ಮೀಟರ್ ಇಳಿದಿದೆ. 100ನೇ ನಿಮಿಷಕ್ಕೆ 10 ಮೀಟರ್, 1,000ನೇ ನಿಮಿಷಕ್ಕೆ 14 ಮೀಟರ್. ಹತ್ತು ಪಟ್ಟು ಸಮಯಕ್ಕೆ 4 ಮೀಟರ್. ಈ 4ರಿಂದ ಬಂಡೆಯೊಳಗೆ ನೀರು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ತೆಗೆಯುತ್ತೇವೆ. ದಿನಕ್ಕೆತ್ತುವ ನೀರು ಘನ ಮೀಟರಿನಲ್ಲಿ 172.8, ಅದನ್ನು 2.303ರಿಂದ ಗುಣಿಸಿ, 4 ಪೈ ಮತ್ತು 4 ಮೀಟರಿನಿಂದ ಭಾಗಿಸಿ. ಸುಮಾರು 7.9 ಬರುತ್ತದೆ, ಚದರ ಮೀಟರ್ ಪ್ರತಿ ದಿನಕ್ಕೆ.

ಈಗ ಮೇಷ್ಟ್ರ "ಯಾವಾಗ" ಪ್ರಶ್ನೆ. ಪಂಪಿನ ಮೇಲೆ 30 ಮೀಟರ್ ನೀರಿದೆ. ಅದು ಯಾವಾಗ ಖಾಲಿಯಾಗುತ್ತದೆ? 14ರಿಂದ 30ಕ್ಕೆ ಇನ್ನೂ 16 ಮೀಟರ್. ಹತ್ತು ಪಟ್ಟಿಗೆ 4 ಮೀಟರಿನಂತೆ ಇನ್ನು ನಾಲ್ಕು ಸಲ ಹತ್ತು ಪಟ್ಟು. 1,000ಕ್ಕೆ ನಾಲ್ಕು ಸೊನ್ನೆ ಸೇರಿಸಿ: 1 ಕೋಟಿ ನಿಮಿಷ. ಹಗಲು ರಾತ್ರಿ ಎತ್ತಿದರೂ 19 ವರ್ಷ. ರೈತ ಖುಷಿಯಾಗಿ ಐದು ಎಕರೆಗೆ ಟೊಮೆಟೊ ಪ್ಲಾನ್ ಹಾಕುತ್ತಾನೆ.

ಆದರೆ ಇದು ಕೋಲಾರ. ಕೆಳಗೆ ಮರಳಲ್ಲ, ಗಟ್ಟಿ ಗ್ರಾನೈಟು, ನೈಸು. ನೀರು ಇರುವುದು ಬಿರುಕುಗಳಲ್ಲಿ. ಬಿರುಕಿಗೆ ಒಂದು ಕಡೆ ಕೊನೆ ಇದ್ದು, ಪಂಪಿನ ಸೆಳೆತ ಅಲ್ಲಿಗೆ ಮುಟ್ಟಿದರೆ ಗೆರೆಯ ಇಳಿಜಾರು ಎರಡರಷ್ಟಾಗುತ್ತದೆ. ಅದೂ ಇದೇ ಸಮೀಕರಣದಿಂದ ಬರುವ ಮಾತು. 1,000ನೇ ನಿಮಿಷದಲ್ಲಿ ಹಾಗಾಯಿತು ಅನ್ನಿ. ಈಗ ಹತ್ತು ಪಟ್ಟಿಗೆ 8 ಮೀಟರ್. 16 ಮೀಟರಿಗೆ ಎರಡೇ ಸಲ ಹತ್ತು ಪಟ್ಟು. 1 ಲಕ್ಷ ನಿಮಿಷ. ಅಂದರೆ 70 ದಿನ.

ಇಳಿಜಾರು ಎರಡು ಪಟ್ಟಾಯಿತು. ಸಮಯ ಅರ್ಧ ಆಗಲಿಲ್ಲ, 19 ವರ್ಷ ಹೋಗಿ 70 ದಿನ ಆಯಿತು. ಟೊಮೆಟೊ ಕಾಯಿ ಕಚ್ಚುವ ಹೊತ್ತಿಗೆ ಬೋರ್ ನಿಂತಿತು ಅನ್ನುವವರನ್ನು ನಾನು ಎಷ್ಟೋ ನೋಡಿದ್ದೇನೆ. ಕೊರೆದ ದಿನ ಕಂಪ್ರೆಸರ್ ಗಾಳಿಗೆ ಹಾರಿದ ನೀರು ನೋಡಿ "ಮೂರಿಂಚು ಬಿತ್ತು" ಅಂತ ಪೂಜೆ ಮಾಡುತ್ತಾರೆ. ಆ ಒಂದು ಗಂಟೆಯಿಂದ ಏನೂ ಹೇಳಲಾಗುವುದಿಲ್ಲ. ಕನಿಷ್ಠ ಒಂದು ದಿನ ಪಂಪ್ ಮಾಡಿ, ಮಟ್ಟ ಬರೆದಿಟ್ಟು, ಲಾಗ್ ಹಾಳೆಯ (ಪ್ರತಿ ಹತ್ತು ಪಟ್ಟಿಗೂ ಸಮ ಅಂತರ ಇರುವ ಗ್ರಾಫ್ ಹಾಳೆ) ಮೇಲೆ ಗೆರೆ ಬಗ್ಗುತ್ತದಾ ನೋಡಬೇಕು. ಯಾರೂ ಮಾಡಿಸುವುದಿಲ್ಲ. ಕೊರೆಯಲು ಲಕ್ಷಗಟ್ಟಲೆ ಸುರಿಯುತ್ತಾರೆ, ಒಂದು ದಿನದ ಟೆಸ್ಟಿಗೆ ದುಡ್ಡಿಲ್ಲ ಅನ್ನುತ್ತಾರೆ. ಡೈರಿಯವರೇ, ನಿಮ್ಮ ತಮ್ಮನ ಬೋರ್ ಹೇಗಿದೆ?

---

ಚಾಂಪಿಯನ್ ರೀಫ್ (ಕೆ.ಜಿ.ಎಫ್.):

ಎಲ್ಲರೂ ಬೆಳೆಯುವುದರ ಬಗ್ಗೆಯೇ ಬರೆದಿದ್ದೀರಿ. ಕಡಿಮೆಯಾಗುವುದಕ್ಕೂ ಇದೇ ಲೆಕ್ಕ. ನಮ್ಮ ತಂದೆ ಗಣಿಯಲ್ಲಿದ್ದರು, 2001ರಲ್ಲಿ ಮುಚ್ಚುವವರೆಗೂ. ಇಲ್ಲಿಯ ಶಾಫ್ಟುಗಳು 3 ಕಿಲೋಮೀಟರಿಗಿಂತ ಆಳ. ಚಿನ್ನ ತೆಗೆಯುವ ಜಾಗದಲ್ಲೇ ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್‌ನ (ಟಿಐಎಫ್‌ಆರ್) ವಿಜ್ಞಾನಿಗಳು ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳನ್ನು ಅಳೆಯುತ್ತಿದ್ದರು. ಆಕಾಶದ್ದನ್ನು ಅಳೆಯಲು ಪಾತಾಳಕ್ಕೆ ಯಾಕೆ ಹೋದರು ಅಂತ ಚಿಕ್ಕವನಿದ್ದಾಗ ನನಗೆ ತಮಾಷೆ.

ಕಾರಣ ಇದು. ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯೂಆನ್ ಎಂಬ ಕಣಗಳು ಬಂಡೆಯೊಳಗೆ ಹೋಗುತ್ತಾ ಹೋಗುತ್ತಾ ಕಡಿಮೆಯಾಗುತ್ತವೆ. ಆಳದಲ್ಲಿ ಈ ಇಳಿಕೆ ಹೆಚ್ಚುಕಮ್ಮಿ ಘಾತದ ರೀತಿಯದು. ಇಷ್ಟು ಮೀಟರಿಗೆ ಹತ್ತರಲ್ಲಿ ಒಂದು ಪಾಲು, ಮತ್ತಷ್ಟು ಮೀಟರಿಗೆ ಅದರ ಹತ್ತರಲ್ಲಿ ಒಂದು ಪಾಲು. ಮಾಮೂಲಿ ಗ್ರಾಫ್ ಹಾಳೆಯಲ್ಲಿ ಹಾಕಿದರೆ ಮೇಲಿನ ಒಂದೆರಡು ಚುಕ್ಕೆ ಬಿಟ್ಟು ಉಳಿದದ್ದೆಲ್ಲ ಸೊನ್ನೆಯ ಗೆರೆಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಲಾಗ್ ಹಾಳೆ. ಮ್ಯೂಆನ್ ಇಷ್ಟು ಕಮ್ಮಿಯಾದ ಮೇಲೆ, ಬಂಡೆಯನ್ನೇ ಲೆಕ್ಕಿಸದ ನ್ಯೂಟ್ರಿನೋ ಎಂಬ ಕಣದ ಗುರುತು ಕಾಣಲು ಅವಕಾಶ. ಕೆ.ಜಿ.ಎಫ್. ಗಣಿಯಲ್ಲಿ 1965ರಲ್ಲಿ ಅದು ಸಿಕ್ಕಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಮೊದಲು ಕಂಡ ಜಾಗಗಳಲ್ಲಿ ನಮ್ಮ ಊರೂ ಒಂದು. ನಮ್ಮ ಊರಿನವರಿಗೇ ಇದು ಗೊತ್ತಿಲ್ಲ, ಸಿನಿಮಾ ಮಾತ್ರ ಗೊತ್ತು.

---

ಪಿಯು ಮೇಷ್ಟ್ರು (ಚಿಂತಾಮಣಿ):

ಚಾಂಪಿಯನ್ ರೀಫ್ ಅವರೇ, ಚೆನ್ನಾಗಿದೆ. ಲಾಗ್ ಹಾಳೆಯ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರ ಕಡೆ ಭೂಮಿ ನಡುಗಿ ಜನ ಮನೆಯಿಂದ ಹೊರಗೆ ಓಡಿದರು. ತೀವ್ರತೆ 3ರ ಆಸುಪಾಸು. 2001ರ ಭುಜ್ ಭೂಕಂಪ 7.7. "ನಮ್ಮದು ಅದರ ಅರ್ಧ" ಅಂತ ಒಬ್ಬ ಹುಡುಗ ತರಗತಿಯಲ್ಲಿ ಹೇಳಿದ. ತೀವ್ರತೆ 1 ಹೆಚ್ಚಿದರೆ ಶಕ್ತಿ ಸುಮಾರು 32 ಪಟ್ಟು. 4.7 ಹೆಚ್ಚಿದರೆ 1 ಕೋಟಿ ಪಟ್ಟಿಗೂ ಮೇಲೆ.

---

ಡೈರಿ ಲೆಕ್ಕ (ಮಾಲೂರು ತಾಲೂಕು):

ಎಲ್ಲರಿಗೂ ಥ್ಯಾಂಕ್ಸ್. ಬೋರ್ ಪಾಯಿಂಟ್ ಅವರೇ, ತಮ್ಮನ ಬೋರ್ ಈಗ ಒಂದೂವರೆ ಇಂಚು ಕೊಡುತ್ತಿದೆ. ಮಧ್ಯೆ ಮಧ್ಯೆ ನಿಲ್ಲಿಸಿ ನಡೆಸುತ್ತಾನೆ. ನಿಮ್ಮ 70 ದಿನದ ಲೆಕ್ಕ ಅವನಿಗೆ ಓದಿ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದ, ಆಮೇಲೆ ಡ್ರಿಪ್ ಬೆಲೆ ಕೇಳಿದ. ಸಾಲದ ಬಗ್ಗೆ ಮೇಷ್ಟ್ರ ಪಟ್ಟಿಯನ್ನು ಅವನ ಮನೆ ಗೋಡೆಗೆ ಅಂಟಿಸಿದ್ದೇವೆ. 5,000 ಕಟ್ಟುತ್ತಾನಂತೆ. ಹಸು ಒಂದು ಕರು ಹಾಕಿದೆ, ಅದೇ ಧೈರ್ಯ.

ಈಗ ಮಗಳದ್ದು ಒಂದು ಡೌಟ್ ಇದೆ. ತಂಪು ಗುಣಿಸುತ್ತದೆ ಅಂತ ಮೇಷ್ಟ್ರು ಹೇಳಿದ ಮೇಲೆ, ದನಕ್ಕೆ ನೀರು ಕುಡಿಸುವ ಸಿಮೆಂಟ್ ತೊಟ್ಟಿಯಲ್ಲಿ ಕ್ಯಾನು ಇಟ್ಟು ನೋಡಿದೆವು. ತೊಟ್ಟಿಯಲ್ಲಿ ಸುಮಾರು 400 ಲೀಟರ್ ಬೋರ್ ನೀರು, 25 ಡಿಗ್ರಿ. ಕ್ಯಾನಿನಲ್ಲಿ 40 ಲೀಟರ್ ಹಾಲು, 35 ಡಿಗ್ರಿ. ಡಿಜಿಟಲ್ ಥರ್ಮಾಮೀಟರ್ ಹಾಕಿ 20 ನಿಮಿಷಕ್ಕೊಮ್ಮೆ ಕಲಕಿ ನೋಡಿದರೆ 35, 31.4, 29.2, 27.9, 27.1.

ನ್ಯೂಟನ್ನನ ನಿಯಮದ ಪ್ರಕಾರ ಹಾಲಿಗೂ ನೀರಿಗೂ ಇರುವ ವ್ಯತ್ಯಾಸ ಪ್ರತಿ ಸಲ ಒಂದೇ ಪಾಲು ಕಡಿಮೆಯಾಗಬೇಕು ಅಂತಾಳೆ. 25 ಕಳೆದರೆ 10, 6.4, 4.2, 2.9, 2.1. ಮೊದಲ ಸಲ 64% ಉಳಿಯಿತು, ಆಮೇಲೆ 66, 69, 72. ಒಂದೇ ಇಲ್ಲ, ಏರುತ್ತಿದೆ. ಲಾಗ್ ತೆಗೆದು ಗ್ರಾಫ್ ಹಾಕಿದರೆ ಗೆರೆ ಕೊನೆಗೆ ಬಾಗುತ್ತಿದೆ. ಥರ್ಮಾಮೀಟರ್ ಸರಿ ಇಲ್ಲ ಅಂತ ನಾನು, ನಿಯಮವೇ ಸರಿ ಇಲ್ಲ ಅಂತ ಅವಳು.

---

ಪಿಯು ಮೇಷ್ಟ್ರು (ಚಿಂತಾಮಣಿ):

ಶಭಾಷ್. ಇಂಥ ಪ್ರಾಕ್ಟಿಕಲ್ ನಮ್ಮ ಕಾಲೇಜಿನ ಲ್ಯಾಬಿನಲ್ಲೂ ನಡೆಯುವುದಿಲ್ಲ.

ಥರ್ಮಾಮೀಟರೂ ಸರಿ ಇದೆ, ನಿಯಮವೂ ಸರಿ ಇದೆ. ತೊಟ್ಟಿಯ ನೀರು 25ರಲ್ಲೇ ನಿಂತಿಲ್ಲ. ಹಾಲಿನ ಬಿಸಿ ನೀರಿಗೇ ತಾನೆ ಹೋಗಬೇಕು? 40 ಲೀಟರ್ 35 ಡಿಗ್ರಿ, 400 ಲೀಟರ್ 25 ಡಿಗ್ರಿ. ಎರಡೂ ಸಮವಾದಾಗ (40 × 35 + 400 × 25) ÷ 440 = 25.9. ಹಾಲು ಇಳಿಯಲು ಹೊರಟಿರುವುದು 25ಕ್ಕಲ್ಲ, 25.9ಕ್ಕೆ. ಈಗ 25.9 ಕಳೆಯಿರಿ: 9.1, 5.5, 3.3, 2.0, 1.2. ಪ್ರತಿ ಸಲ 60% ಉಳಿಯುತ್ತಿದೆ. ಮಗಳಿಗೆ ಮತ್ತೆ ಗ್ರಾಫ್ ಹಾಕಲು ಹೇಳಿ, ಗೆರೆ ನೆಟ್ಟಗೆ ಬರುತ್ತದೆ.

ಇದರಿಂದ ಕಮಿಟಿಗೆ ಎರಡು ವಿಷಯ ಸಿಗುತ್ತದೆ. ಒಂದು, ಹಾಲನ್ನು ಆಗಾಗ ಕಲಕಿದರೆ 60% ಅನ್ನುವುದು ಇನ್ನೂ ಕಡಿಮೆಯಾಗಬಹುದು, ಬೇಗ ತಣ್ಣಗಾಗುತ್ತದೆ. ಆದರೆ ಎಷ್ಟು ಕಲಕಿದರೂ ತೊಟ್ಟಿ ನೀರಿಗಿಂತ ಕೆಳಗೆ ಹೋಗುವುದಿಲ್ಲ. 26 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಸ್ವಲ್ಪ ನಿಧಾನವಾಗುತ್ತವೆ ಅಷ್ಟೇ. ನಾನು ಹೇಳಿದ 13 ಗಂಟೆ ಇಲ್ಲಿ ಸಿಗುವುದಿಲ್ಲ, ಅದಕ್ಕೆ ಐಸ್ ಇಲ್ಲವೇ ಕೂಲರ್ ಬೇಕು. ಎರಡು, ತೊಟ್ಟಿಗೆ ಒಂದೇ ಸಲ ಆರು ಕ್ಯಾನು ಇಳಿಸಿದರೆ ಲೆಕ್ಕ ಹೀಗಾಗುತ್ತದೆ: (240 × 35 + 400 × 25) ÷ 640 = 28.75. ತಣ್ಣಗಾಯಿತು ಅನ್ನುವ ಹಾಗೇ ಇಲ್ಲ. ಹಾಗಾಗಿ ಆರಂಭದ 20 ನಿಮಿಷ ಆದಮೇಲೆ ತೊಟ್ಟಿ ನೀರು ಬದಲಿಸಿ, ಆ ನೀರನ್ನು ದನಕ್ಕೋ ತೋಟಕ್ಕೋ ಬಿಡಿ.

ಡೈರಿ ಲೆಕ್ಕ (ಮಾಲೂರು ತಾಲೂಕು):

ನಮ್ಮದು ಬೆಳಿಗ್ಗೆ ಏಳು ಕ್ಯಾನು ಸರ್. ಗುರುವಾರ ಕಮಿಟಿ ಇದೆ, ಐಸ್ ಕ್ಯಾಂಡಿ ಫ್ಯಾಕ್ಟರಿಯವರ ಹತ್ತಿರ ಬ್ಲಾಕಿಗೆ ರೇಟು ಕೇಳಿಕೊಂಡೇ ಹೋಗುತ್ತೇನೆ. ಒಂದು ಬ್ಲಾಕ್ ಐಸ್ ಎಷ್ಟು ಡಿಗ್ರಿ ಇಳಿಸುತ್ತದೆ ಅಂತ ಮಗಳು ಆಗಲೇ ಹಾಳೆ ತೆಗೆದುಕೊಂಡು ಕೂತಿದ್ದಾಳೆ.